ಪರದೆಯ ತುಂಡಿನಿಂದ ಶುರುವಾಗುವ ಕೇಸು: ಯುರೋಪೋಲ್‌ನ ‘ಟ್ರೇಸ್ ಆ್ಯನ್ ಆಬ್ಜೆಕ್ಟ್’ ಬಳಸಿ ನೋಡಿದೆ

ಈ ವೆಬ್‌ಸೈಟ್ ತೆರೆಯೋಕೆ ನಾನು ಎರಡು ದಿನ ಹಿಂದೆಮುಂದೆ ನೋಡಿದೆ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಫೋಟೋಗಳಿಂದ ತೆಗೆದ ಚಿತ್ರಗಳು ಅಂದರೆ ಯಾರಿಗಾದರೂ ಭಯ ಆಗುತ್ತದೆ, ಅಲ್ವಾ. ತೆರೆದ ಮೇಲೆ ಗೊತ್ತಾಯಿತು, ಅಲ್ಲಿ ಮಗು ಕಾಣುವುದಿಲ್ಲ. ಬರೀ ಸಾಮಾನು. ಒಂದು ಕೈಚೀಲ, ಒಂದು ಬಾಟಲಿ, ಅಂಗಿಯ ಮೇಲಿನ ಗುರುತು, ಹಾಸಿಗೆ ಹೊದಿಕೆಯ ಒಂದು ಮೂಲೆ. ಫೋಟೋದ ಹಿನ್ನೆಲೆಯಲ್ಲಿ ಇದ್ದದ್ದನ್ನು ಅಷ್ಟಕ್ಕೇ ಕತ್ತರಿಸಿ ಹಾಕಿದ್ದಾರೆ. ಆದರೂ ಶಾಂಪೂ ಬಾಟಲಿ ನೋಡುವಾಗ ಅದು ಯಾವ ಕೋಣೆಯಲ್ಲಿತ್ತು ಅನ್ನೋದು ತಲೆಯಿಂದ ಹೋಗುವುದಿಲ್ಲ. ಮನಸ್ಸು ಸರಿಯಿಲ್ಲದ ದಿನ ತೆರೆಯಬೇಡಿ.

ಯುರೋಪಿಯನ್ ಒಕ್ಕೂಟದ ಪೊಲೀಸ್ ಸಂಸ್ಥೆ ಯುರೋಪೋಲ್ ಇದನ್ನು ಶುರು ಮಾಡಿದ್ದು 2017ರಲ್ಲಿ. ತನಿಖೆಯ ಬೇರೆ ಎಲ್ಲ ದಾರಿ ಮುಚ್ಚಿದ ಮೇಲೆ ಉಳಿದ ಚಿತ್ರಗಳು ಇವು. ಗುರುತು ಸಿಕ್ಕಿದ ವಸ್ತುವಿನ ಮೇಲೆ ಒತ್ತಿ, ಅದು ಏನು, ಯಾವ ದೇಶದ್ದು, ಎಲ್ಲಿ ಸಿಗುತ್ತದೆ ಅಂತ ಬರೆದು ಕಳಿಸಬೇಕು. ಹೆಸರು ಕೊಡಬೇಕಾಗಿಲ್ಲ. ಬಳಸೋದು ಅಷ್ಟು ಸುಲಭ, ಅದರ ಬಗ್ಗೆ ಹೇಳೋಕೆ ಜಾಸ್ತಿ ಏನಿಲ್ಲ.

ನಾನು ಹದಿನೈದು ವರ್ಷದಿಂದ ಬಟ್ಟೆ ವ್ಯಾಪಾರದಲ್ಲಿ ಇರುವವಳು. ಒಂದು ಪರದೆಯ ತುಂಡು ನೋಡಿ ನಿಂತುಬಿಟ್ಟೆ. ಹೂವಿನ ಡಿಸೈನು. ಮೊದಲು ಪ್ರಿಂಟ್ ಅಂದುಕೊಂಡೆ. ದೊಡ್ಡದು ಮಾಡಿ ನೋಡಿದರೆ ಹೂವಿನ ಎಳೆಗಳು ಬಟ್ಟೆಯಿಂದ ಸ್ವಲ್ಪ ಮೇಲೆದ್ದು ಸಣ್ಣ ನೆರಳು ಬಿದ್ದಿತ್ತು. ಅಂದರೆ ನೇಯ್ದದ್ದು. ಕೆಳಗಿನ ಮಡಿಕೆ ಕೈಯಲ್ಲಿ ಹೊಲಿದಿದ್ದರು, ಹೊಲಿಗೆ ಒಂದೇ ಸಮ ಇರಲಿಲ್ಲ. ಅಂಗಡಿಯಿಂದ ತಂದ ಮೇಲೆ ಯಾರೋ ಮನೆಯಲ್ಲೇ ಉದ್ದ ಕಡಿಮೆ ಮಾಡಿದ್ದಾರೆ. ಯಾವ ಕಂಪನಿಯದ್ದು ಅಂತ ಗೊತ್ತಾಗಲಿಲ್ಲ, ಗೊತ್ತಾದಷ್ಟನ್ನೇ ಬರೆದು ಕಳಿಸಿದೆ. ಎಲೆಕ್ಟ್ರಿಕ್ ಕೆಲಸದವರು ಗೋಡೆಯ ಸಾಕೆಟ್ ನೋಡಿ ಹೇಳಬಲ್ಲರು, ಟೈಲ್ಸ್ ಹಾಕುವವರು ನೆಲ ನೋಡಿ ಹೇಳಬಲ್ಲರು. ಪೊಲೀಸರ ಹತ್ತಿರ ಇಲ್ಲದ ಕಣ್ಣು ಇವರಿಗಿದೆ. ನನಗೆ ಈ ಸೇವೆಯಲ್ಲಿ ತುಂಬಾ ಹಿಡಿಸಿದ್ದು ಇದೇ.

ಇಷ್ಟು ಸಣ್ಣ ವಿಷಯದಿಂದ ಏನಾಗುತ್ತದೆ ಅಂತ ಕೇಳಬಹುದು. ದೇಶ ಯಾವುದು ಅಂತ ಗೊತ್ತಾಗದಿದ್ದರೆ ಕೇಸು ಯಾವ ಪೊಲೀಸರದ್ದು ಅನ್ನೋದೇ ಗೊತ್ತಾಗುವುದಿಲ್ಲ. ಯಾರು ಹುಡುಕಬೇಕು, ಯಾವ ಕೋರ್ಟಿಗೆ ಹೋಗಬೇಕು, ಎಲ್ಲ ಅಲ್ಲೇ ನಿಂತುಬಿಡುತ್ತದೆ. ಜನ ಕಳಿಸಿದ ಸುಳಿವುಗಳಿಂದ ಇಲ್ಲಿಯವರೆಗೆ ಇಪ್ಪತ್ತಕ್ಕೂ ಹೆಚ್ಚು ಮಕ್ಕಳ ಗುರುತು ಸಿಕ್ಕಿದೆ, ಕೆಲವು ಅಪರಾಧಿಗಳ ಮೇಲೆ ಕೇಸೂ ನಡೆದಿದೆ. ಸಂಖ್ಯೆ ಚಿಕ್ಕದು ಅನ್ನಿಸಿದರೆ ಒಂದು ಮಗುವನ್ನು ಕಣ್ಣ ಮುಂದೆ ನಿಲ್ಲಿಸಿಕೊಂಡು ಮತ್ತೆ ಓದಿ.

ಶಿಕ್ಷೆಯ ವಿಷಯದಲ್ಲೂ ದೇಶ ತುಂಬಾ ಮುಖ್ಯ. ಮಕ್ಕಳ ಮೇಲಿನ ದೌರ್ಜನ್ಯದ ವಿಡಿಯೋಗಳನ್ನು ಮಾರುತ್ತಿದ್ದ ‘ವೆಲ್‌ಕಮ್ ಟು ವಿಡಿಯೋ’ ಅನ್ನೋ ಜಾಲವನ್ನು ಬಿಟ್‌ಕಾಯಿನ್ ಹಣದ ಜಾಡು ಹಿಡಿದು ಬಯಲಿಗೆಳೆದರು. 2019ರಲ್ಲಿ ಅಧಿಕಾರಿಗಳು ಹೇಳಿದ ಪ್ರಕಾರ 38 ದೇಶಗಳಲ್ಲಿ 337 ಜನರನ್ನು ಬಂಧಿಸಿದ್ದರು, ಕನಿಷ್ಠ 23 ಮಕ್ಕಳನ್ನು ಕಾಪಾಡಿದ್ದರು. ಅದನ್ನು ನಡೆಸುತ್ತಿದ್ದವನಿಗೆ ಆ ತಪ್ಪಿಗೆ ದಕ್ಷಿಣ ಕೊರಿಯಾದಲ್ಲಿ ಆಗಿದ್ದು ಬರೀ ಒಂದೂವರೆ ವರ್ಷ ಜೈಲು! ಅಮೆರಿಕ ಅವನನ್ನು ಒಪ್ಪಿಸಿ ಅಂತ ಕೇಳಿತು, 2020ರಲ್ಲಿ ಕೊರಿಯಾದ ಕೋರ್ಟ್ ಒಪ್ಪಲಿಲ್ಲ. ಅದೇ ಜಾಲವನ್ನು ಬಳಸಿದ ಕೆಲವರಿಗೆ ಅಮೆರಿಕದಲ್ಲಿ ಅವನಿಗಿಂತ ಎಷ್ಟೋ ಜಾಸ್ತಿ ಶಿಕ್ಷೆ ಆಯಿತು. ‘ಪ್ಲೇಪೆನ್’ ಅನ್ನೋ ಇಂಥದ್ದೇ ಇನ್ನೊಂದು ಜಾಲ ಕಟ್ಟಿದವನಿಗೆ 2017ರಲ್ಲಿ ಅಮೆರಿಕದ ಕೋರ್ಟ್ 30 ವರ್ಷ ಕೊಟ್ಟಿತು. ಒಂದೂವರೆ ಎಲ್ಲಿ, ಮೂವತ್ತು ಎಲ್ಲಿ. ಇದನ್ನು ನೆನೆಸಿಕೊಂಡರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಬಳಸುವವರಿಗೆ ಒಂದೆರಡು ಮಾತು. ಚಿತ್ರಗಳು ಸಣ್ಣವು, ಎಷ್ಟೋ ಮಸುಕು. ಫೋನಿನಲ್ಲಿ ಬೇಡ, ದೊಡ್ಡ ಸ್ಕ್ರೀನಿನಲ್ಲಿ ನೋಡಿ. ಖಚಿತ ಇಲ್ಲದಿದ್ದರೆ ‘ಅಂದಾಜು’ ಅಂತಲೇ ಬರೆಯಿರಿ, ಸುಮ್ನೆ ಊಹೆ ಮಾಡಿ ಖಂಡಿತ ಅನ್ನಬೇಡಿ, ತನಿಖೆ ಮಾಡುವವರ ಸಮಯ ಹಾಳಾಗುತ್ತದೆ. ವಸ್ತುವಿನ ಜಾಡು ಹಿಡಿದು ನೀವೇ ಯಾರ ಮನೆಯನ್ನಾದರೂ ಹುಡುಕಿಕೊಂಡು ಹೋಗುವ ಕೆಲಸವಂತೂ ಬೇಡವೇ ಬೇಡ. ಹೆಸರಿಲ್ಲದೆ ಕಳಿಸಿದರೆ ಉತ್ತರ ಬರುವ ದಾರಿಯೇ ಇಲ್ಲ, ಅದು ಗೊತ್ತಿದ್ದೇ ನಾನು ಹಾಗೆ ಕಳಿಸಿದೆ.

ಈಗ ತಿಂಗಳಿಗೆ ಒಂದು ಸಲ, ಮಕ್ಕಳು ಮಲಗಿದ ಮೇಲೆ, ತೆರೆದು ನೋಡುತ್ತೇನೆ. ಹೊಸ ಚಿತ್ರಗಳಿಗಿಂತ ಮೊದಲು ಹುಡುಕುವುದು ಆ ಪರದೆಯನ್ನೇ. ಹೋದ ಸಲ ಅದು ಇನ್ನೂ ಅಲ್ಲೇ ಇತ್ತು.