ಚೋರ್ಲಾ ಏರಿನಲ್ಲಿ ಮೂರು ಟರ್ಬೊ

ನನ್ನ ಟೋಯಿಂಗ್ ಗಾಡಿ ಟಾಟಾ 709. ಒಳಗೆ 497 ಎಂಜಿನ್, ನಾಲ್ಕು ಸಿಲಿಂಡರ್, 2956 ಸಿಸಿ. ಟರ್ಬೊ, ಇಂಟರ್‌ಕೂಲರ್ ಎರಡೂ ಇರುವ ಬಿಎಸ್3, ಅಂದರೆ ಹಳೇ ಮಾಲಿನ್ಯ ನಿಯಮದ ಮಾಡೆಲ್ಲು. ಟರ್ಬೊ ಅಂದರೆ ಒಂದು ಶಾಫ್ಟು, ಎರಡು ಚಕ್ರ: ಒಂದನ್ನು ಎಂಜಿನ್ನಿನ ಹೊಗೆ ತಿರುಗಿಸುತ್ತೆ, ಇನ್ನೊಂದು ಎಂಜಿನ್ನಿಗೆ ಗಾಳಿ ತಳ್ಳುತ್ತೆ. ಆ ಗಾಳಿಯನ್ನು ತಣಿಸುವುದು ಇಂಟರ್‌ಕೂಲರ್. ಹಿಂದೆ ಕೆಟ್ಟು ನಿಂತ ಗಾಡಿ ಹೊರಲು ಫ್ಲಾಟ್‌ಬೆಡ್ ಕಟ್ಟಿಸಿದ್ದೇನೆ. ಬೆಳಗಾವಿಯಿಂದ ನನಗೆ ಬರುವ ಕರೆಗಳಲ್ಲಿ ಜಾಸ್ತಿ ಎರಡೇ ದಾರಿಯವು. ಒಂದು ನಿಪ್ಪಾಣಿ ಕಡೆಯ ಹೆದ್ದಾರಿ. ಇನ್ನೊಂದು ಜಾಂಬೋಟಿ, ಕಣಕುಂಬಿ ದಾಟಿ ಹೋಗುವ ಚೋರ್ಲಾ ಘಾಟ್. ಹಳೇ ಟರ್ಬೊ ಕೆಟ್ಟ ಮೇಲೆ ಒಂದಾದ ಮೇಲೊಂದು ಮೂರು ಟರ್ಬೊ ಹಾಕಿ ನೋಡಿದೆ. ಹೆದ್ದಾರಿಯ ವಂಟಮುರಿ ಘಾಟನ್ನು ಮೂರೂ ಏರಿಸಿದವು. ವ್ಯತ್ಯಾಸ ಗೊತ್ತಾಗಿದ್ದು ಗೋವಾ ಕಡೆಯ ಕೇರಿಯಿಂದ ಲೋಡು ಹೊತ್ತು ಚೋರ್ಲಾ ಏರುವಾಗ. ಹಾಗಾಗಿ ಇಲ್ಲಿ ಬರೆಯುವ ಲೆಕ್ಕವೆಲ್ಲ ಆ ಏರಿನದೇ, ಅದೂ ಮೇಲೆ ಎರಡು ಟನ್ ಆಸುಪಾಸಿನ ಗಾಡಿ ಇದ್ದಾಗಿನದು.

ಹಳೇ ಟರ್ಬೊ ಯಾಕೆ ಹೋಯಿತು ಅನ್ನೋದನ್ನು ಮೊದಲು ಹೇಳಬೇಕು. ಮೆಲ್ಲಗೆ ಸೀಟಿ ಹೊಡೆಯುತ್ತಿದ್ದದ್ದು ಸೈರನ್ ಥರ ಕೂಗಲು ಶುರುವಾಗಿತ್ತು. ಏರಿನಲ್ಲಿ ನೀಲಿ ಹೊಗೆ. ಆಟೋ ನಗರದ ಮಿಸ್ತ್ರಿ ಕಾಕಾ ಗಾಳಿ ಪೈಪು ಬಿಚ್ಚಿ, ಒಳಗೆ ಬೆರಳು ಹಾಕಿ ನೋಡು ಅಂದರು. ಗಾಳಿ ತಳ್ಳುವ ಚಕ್ರದ ರೆಕ್ಕೆಗಳು ಹಳೇ ಕುಡುಗೋಲಿನ ಹಾಗೆ ಸವೆದಿದ್ದವು. ಟರ್ಬೊ ಶಾಫ್ಟು ಮೇಲೆ ಕೆಳಗೆ ಒಂದು ಚೂರು ಅಲ್ಲಾಡಿದರೆ ಪರವಾಗಿಲ್ಲ. ಓಡುವಾಗ ಆ ಸಂದನ್ನು ಆಯಿಲ್ ತುಂಬುತ್ತೆ. ಆದರೆ ಹಿಂದೆ ಮುಂದೆ ಎಳೆದಾಗ ಕೈಗೆ ಗೊತ್ತಾಗುವಷ್ಟು ಆಡಬಾರದು. ನನ್ನದು ಟಿಕ್ ಟಿಕ್ ಅಂತಿತ್ತು.

"ತಮ್ಮಾ, ಇದು ಧೂಳ ತಿಂದೈತಿ" ಅಂದರು ಕಾಕಾ.

ಫಿಲ್ಟರ್ ಚೆನ್ನಾಗೇ ಇತ್ತು. ಫಿಲ್ಟರಿನಿಂದ ಟರ್ಬೊಗೆ ಬರುವ ಪೈಪಿನ ಕ್ಲಾಂಪು ಸಡಿಲಾಗಿತ್ತು. ಕಬ್ಬಿನ ಸೀಸನ್ನಿನಲ್ಲಿ ನಮ್ಮ ರಸ್ತೆಗಳ ಧೂಳು ಹೇಗಿರುತ್ತೆ ಅಂತ ನಿಮಗೇ ಗೊತ್ತು ಅಲ್ವಾ? ಅದೆಲ್ಲ ಆ ಸಂದಿಯಿಂದಲೇ ಒಳಗೆ ಹೋಗಿದೆ. ಇದನ್ನು ನೋಡದೆ ಹೊಸ ಟರ್ಬೊ ಹಾಕಿದ್ದರೆ ಅದೂ ಹೀಗೇ ಸಾಯುತ್ತಿತ್ತು. ಒಳಗಿನ ಕೋರ್, ಅಂದರೆ ಶಾಫ್ಟು, ಚಕ್ರಗಳ ಭಾಗ ಮಾತ್ರ ಬದಲಿಸಿದರೆ ಅಗ್ಗವಾಗುತ್ತಿತ್ತು. ಆದರೆ ರೆಕ್ಕೆ ತಾಗಿ ಹೊರಗಿನ ಮನೆಯೂ (ಚಕ್ರದ ಸುತ್ತಲಿನ ಕವಚ) ಗೀಚಿಹೋಗಿತ್ತು, ಅದಕ್ಕೆ ಬಿಟ್ಟೆ.

ಟರ್ಬೊ ಹುಡುಕುವ ಮೊದಲು ಎರಡು ಮೀಟರ್ ಹಾಕಿಸಿದೆ. ಒಂದು ಬೂಸ್ಟ್‌ಗೆ, ಅಂದರೆ ಟರ್ಬೊ ತಳ್ಳುವ ಗಾಳಿಯ ಒತ್ತಡಕ್ಕೆ, ಇನ್ನೊಂದು ಟರ್ಬೊಗೆ ಹೋಗುವ ಹೊಗೆಯ ಬಿಸಿಗೆ. ಈ ಎರಡನೆಯದು ಇಲ್ಲದೆ ಯಾರೂ ಟರ್ಬೊ ಬದಲಿಸಬಾರದು ಅಂತ ನನ್ನ ಗಟ್ಟಿ ಅಭಿಪ್ರಾಯ. ಮುಳ್ಳು 700 ಡಿಗ್ರಿ ಮುಟ್ಟಿದರೆ ನಾನು ಆಕ್ಸಿಲರೇಟರಿನಿಂದ ಕಾಲು ತೆಗೆಯುತ್ತೇನೆ.

ಮೊದಲು ಹಾಕಿದ್ದು ಕಂಪನಿ ಸೈಜಿನದೇ ಹೊಸ ಟರ್ಬೊ. 1300 ಆರ್‌ಪಿಎಂಗೇ ಎಳೆಯಲು ಶುರು ಮಾಡುತ್ತೆ. ಬೂಸ್ಟ್ 14 ಪಿಎಸ್‌ಐ (ಟೈರಿನ ಗಾಳಿ ಅಳೆಯುವ ಲೆಕ್ಕವೇ). ತಿರುವಿನಲ್ಲಿ ಗಾಡಿ ನಿಧಾನವಾದರೂ ಎರಡನೇ ಗೇರಿನಲ್ಲಿ ಮತ್ತೆ ದಮ್ಮು ಹಿಡಿಯುತ್ತೆ. ಒಂದೇ ತೊಂದರೆ ಬಿಸಿ. ಉದ್ದನೆಯ ಏರಿನಲ್ಲಿ 680, ಏಪ್ರಿಲ್ ಬಿಸಿಲಿನಲ್ಲಿ 700ರ ಹತ್ತಿರ. ಇಂಟರ್‌ಕೂಲರ್ ಬಿಚ್ಚಿ, ಒಳಗಿನ ಆಯಿಲ್ ಜಿಡ್ಡು, ಹೊರಗಿನ ಮಣ್ಣು ತೊಳೆದ ಮೇಲೆ 25 ಡಿಗ್ರಿ ಇಳಿಯಿತು. ಖರ್ಚು ಸೀಮೆಎಣ್ಣೆ ಮತ್ತು ಅರ್ಧ ದಿನ, ಅಷ್ಟೇ.

ಎರಡನೆಯದು ದೊಡ್ಡ ಟ್ರಕ್ಕಿನ ಟರ್ಬೊ, ಎರಡನೇ ಕೈಯದು. ಕೂರಿಸಲು ನಡುವೆ ಬೇರೆ ಫ್ಲೇಂಜ್ (ಜೋಡಿಸುವ ತಟ್ಟೆ) ಮಾಡಿಸಬೇಕಾಯಿತು. ಡೀಸೆಲ್ ಸ್ವಲ್ಪ ಜಾಸ್ತಿ ಹೋಗುವ ಹಾಗೆ ಪಂಪನ್ನೂ ಬದಲಿಸಿ ಕೂರಿಸಿದೆವು. ಸಪಾಟು ಹೆದ್ದಾರಿಯಲ್ಲಿ 2000 ಆರ್‌ಪಿಎಂ ಮೇಲೆ ಏನು ಎಳೆತ ಅಂತೀರಿ! ಸಂಕೇಶ್ವರದವರೆಗೂ ಖುಷಿಯಾಗಿ ಓಡಿಸಿದೆ. ಮುಂದಿನ ವಾರ ಚೋರ್ಲಾ. ಒಂದು ಕಡಿದಾದ ತಿರುವಿನಲ್ಲಿ ಆರ್‌ಪಿಎಂ 1100ಕ್ಕೆ ಬಿತ್ತು. ಬೂಸ್ಟ್ ಮುಳ್ಳು ಏಳಲೇ ಇಲ್ಲ. ಡೀಸೆಲ್ ಹೋಗುತ್ತಿದೆ, ಗಾಳಿ ಬರುತ್ತಿಲ್ಲ. ಕನ್ನಡಿಯಲ್ಲಿ ಹಿಂದಿನ ಕಾರು ಕಾಣದಷ್ಟು ಕಪ್ಪು ಹೊಗೆ. ಬಿಸಿ 740. ಮೇಲೆ ಯಾರದೋ ಕಾರು, ಆ ಮನೆಯ ತಾಯಿ ಮಗು ನನ್ನ ಪಕ್ಕದ ಸೀಟಿನಲ್ಲಿ. ಒಂದನೇ ಗೇರಿಗೆ ಹಾಕಿ ತೆವಳಿಸಿಕೊಂಡು ಮೇಲೆ ಬಂದೆ. ಮೂರು ವಾರಕ್ಕೆ ಅದನ್ನು ತೆಗೆಸಿ, ಪಂಪನ್ನು ಮೊದಲಿನ ಹಾಗೆ ಮಾಡಿಸಿದೆ.

ಕಾರಣ ಸರಳ. ತೋಟಕ್ಕೆ ನೀರು ಬಿಡುವಾಗ ಪೈಪಿನ ತುದಿಗೆ ಬೆರಳು ಒತ್ತಿದರೆ ನೀರು ದೂರ ಚಿಮ್ಮುತ್ತಲ್ಲ, ಹಾಗೇ ಹೊಗೆ ಬರುವ ದಾರಿ ಕಿರಿದಾಗಿದ್ದರೆ ಚಕ್ರ ಬೇಗ ತಿರುಗುತ್ತೆ. ದೊಡ್ಡ ಟರ್ಬೊದಲ್ಲಿ ಆ ದಾರಿ ಅಗಲ. ಅದನ್ನು ತಿರುಗಿಸುವಷ್ಟು ಹೊಗೆ ಮೂರು ಲೀಟರಿನ ಎಂಜಿನ್ನಿನಲ್ಲಿ ಕಡಿಮೆ ಆರ್‌ಪಿಎಂಗೆ ಬರಲ್ಲ. ಟೋಯಿಂಗ್ ಕೆಲಸ ನಡೆಯುವುದೇ ಆ ಕಡಿಮೆ ಆರ್‌ಪಿಎಂನಲ್ಲಿ.

ಈಗ ಇರುವುದು ಮೂರನೆಯದು. ಹೊಗೆ ಕಡೆಯ ಮನೆ, ಚಕ್ರ ಎರಡೂ ಕಂಪನಿ ಸೈಜು. ಗಾಳಿ ಕಡೆಯ ಚಕ್ರ ಮಾತ್ರ 3 ಮಿಲಿಮೀಟರ್ ದೊಡ್ಡದು, ಅದಕ್ಕೆ ತಕ್ಕಂತೆ ಆ ಕಡೆಯ ಮನೆ ಕೊರೆದದ್ದು, ಬ್ಯಾಲೆನ್ಸ್ ಮಾಡಿದ್ದು. ಪಂಪು ಮುಟ್ಟಿಲ್ಲ. ಎಳೆತ ಶುರುವಾಗುವುದು 1400ಕ್ಕೆ, ಅಂದರೆ ಮೊದಲಿನದಕ್ಕಿಂತ ಒಂದು ಚೂರು ತಡ. ಬೂಸ್ಟ್ 17. ಅದೇ ಡೀಸೆಲ್‌ಗೆ ಗಾಳಿ ಜಾಸ್ತಿ ಸಿಗುವುದರಿಂದ ಬಿಸಿ 630 ದಾಟಲ್ಲ, ಹೊಗೆಯೂ ಕಡಿಮೆ. ಆರ್‌ಪಿಎಂ ತೀರಾ ಕಡಿಮೆ ಇದ್ದಾಗ ಪೂರ್ತಿ ಒತ್ತಿದರೆ ಗೊರಗೊರ ಸದ್ದು ಬರುತ್ತೆ. ತಳ್ಳಿದ ಗಾಳಿ ವಾಪಸ್ ಬರುವ ಸದ್ದು ಅದು. ಚಕ್ರ ಇದಕ್ಕಿಂತ ದೊಡ್ಡದು ಬೇಡ ಅನ್ನೋದಕ್ಕೆ ಅದೇ ಗುರುತು.

ಊರೊಳಗೆ, ಹೆದ್ದಾರಿಯಲ್ಲಿ ಮಾತ್ರ ಕೆಲಸ ಇರುವವರು ಕಂಪನಿ ಸೈಜಿನದೇ ಹಾಕಿಸಿ, ಇಂಟರ್‌ಕೂಲರ್ ತೊಳೆಸಿ. ಸುಮ್ನೆ ದುಡ್ಡು ಸುರಿಯಬೇಡಿ. ವಾರಕ್ಕೆ ಎರಡು ಮೂರು ಸಲ ಘಾಟ್ ಏರುವವರಿಗೆ ಮೂರನೆಯದು ಸರಿ. ಆದರೆ ಹಾಕಿಸುವ ಮೊದಲು ಆರ್‌ಟಿಒ ಮತ್ತು ವಿಮೆಯವರನ್ನು ಕೇಳಿ. ಕಂಪನಿ ಕೊಟ್ಟ ವಿವರಕ್ಕಿಂತ ಗಾಡಿ ಬೇರೆಯಾಗುವಂಥ ಬದಲಾವಣೆಗೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಅಡ್ಡ ಬರುತ್ತೆ.

ಯಾವುದನ್ನೇ ಹಾಕಿಸಿ, ಆಯಿಲ್ ಬರುವ ಪೈಪು ಹೊಸದೇ ಇರಲಿ. ಸ್ಟಾರ್ಟ್ ಮಾಡುವ ಮೊದಲು ಟರ್ಬೊದ ಆಯಿಲ್ ತೂತಿಗೆ ಕೈಯಾರೆ ಆಯಿಲ್ ಬಿಡಿ. ಘಾಟ್ ಏರಿ ನಿಲ್ಲಿಸಿದಾಗ ತಕ್ಷಣ ಎಂಜಿನ್ ಬಂದ್ ಮಾಡಬೇಡಿ. ನಿಮಿಷಕ್ಕೆ ಲಕ್ಷ ಸುತ್ತು ತಿರುಗಿ ಕಾದ ಶಾಫ್ಟದು. ಆಯಿಲ್ ಹರಿಯೋದು ನಿಂತರೆ ಒಳಗಿದ್ದದ್ದು ಅಲ್ಲೇ ಸುಟ್ಟು ಕರಿ ಕಟ್ಟುತ್ತೆ. ಎರಡು ನಿಮಿಷ ಐಡಲಿಂಗ್‌ನಲ್ಲಿ ಬಿಡಿ.

2020ರ ಏಪ್ರಿಲ್‌ನಿಂದ ಬಂದ ಬಿಎಸ್6 ಗಾಡಿಯವರು ಈ ಲೆಕ್ಕ ಹಿಡಿಯಬೇಡಿ. ಅವುಗಳಲ್ಲಿ ಡೀಸೆಲ್, ಬೂಸ್ಟ್, ಹೊಗೆ ಮೂರನ್ನೂ ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್, ನೋಡಿಕೊಳ್ಳುತ್ತೆ. ಚಕ್ರ ಒಂದನ್ನೇ ಬದಲಿಸಿದರೆ ಉಳಿದೆಲ್ಲದರ ಲೆಕ್ಕ ತಪ್ಪುತ್ತೆ.