ಶಿವಮೊಗ್ಗದಲ್ಲಿ ಏರ್‌ಬ್ಯಾಗ್ ಲೈಟ್ ತೋರಿಸಬೇಕಾ? ಇವರ ಹತ್ತಿರ ಹೋಗಿ

ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್ ಒಳಗಿರುವ ಈ ಎಲೆಕ್ಟ್ರಿಕಲ್ ಅಂಗಡಿಗೆ ನನ್ನ ಕಡೆಯಿಂದ ಐದಕ್ಕೆ ಐದು ಸ್ಟಾರ್. ತೊಂದರೆ ಎಲ್ಲಿದೆ ಎಂದು ಖಾತ್ರಿ ಆಗುವವರೆಗೆ ಇವರು ಯಾವ ಪಾರ್ಟನ್ನೂ ಬದಲಾಯಿಸಲು ಹೇಳುವುದಿಲ್ಲ.

ನಮ್ಮದು ಎರಡು ಏರ್‌ಬ್ಯಾಗ್ ಇರುವ ಸಣ್ಣ ಪೆಟ್ರೋಲ್ ಕಾರು. 2019ರ ಜುಲೈನಿಂದ ಹೊಸ ಕಾರುಗಳಿಗೆ ಡ್ರೈವರ್ ಏರ್‌ಬ್ಯಾಗ್ ಕಡ್ಡಾಯವಾಯಿತಲ್ಲ, ಆ ವರ್ಷದ ಕೊನೆಗೆ ಕೊಂಡದ್ದು. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಅದರಲ್ಲೇ ಓಡಾಟ. ಈ ಮಳೆಗಾಲದಲ್ಲಿ ಮೀಟರ್ ಬೋರ್ಡಿನಲ್ಲಿ ಕೆಂಪು ಏರ್‌ಬ್ಯಾಗ್ ಲೈಟ್ ಹತ್ತಿಕೊಂಡಿತು. ಕೆಲವು ದಿನ ಬರುತ್ತಿರಲಿಲ್ಲ. ಜೋರು ಮಳೆ ಹೊಡೆದ ಮಾರನೇ ದಿನ ಮತ್ತೆ ಹಾಜರು.

ಒಂದು ಕಡೆ ತೋರಿಸಿದರೆ, ಕಾರಿನ ಬಾಗಿಲೂ ತೆಗೆಯದೆ "ಮಾಡ್ಯೂಲ್ (ಏರ್‌ಬ್ಯಾಗ್ ಕಂಪ್ಯೂಟರ್) ಹೋಗಿದೆ, ಹೊಸದು ಹಾಕಬೇಕು" ಎಂದರು. ಇನ್ನೊಂದು ಕಡೆ "ಅಷ್ಟು ಖರ್ಚು ಯಾಕೆ, ಲೈಟೇ ಬರದ ಹಾಗೆ ಮಾಡಿಕೊಡ್ತೀವಿ" ಎಂದರು. ಈ ಎರಡನೇ ಮಾತು ಕೇಳಿ ನನಗೆ ನಿಜಕ್ಕೂ ಭಯವಾಯಿತು. ಆ ಲೈಟ್ ಆರದೆ ಉರಿಯುತ್ತಿದ್ದರೆ, ಡಿಕ್ಕಿಯಾದಾಗ ಏರ್‌ಬ್ಯಾಗ್ ತೆರೆಯುತ್ತದೆ ಎಂಬ ಭರವಸೆ ಇರುವುದಿಲ್ಲ. ನನ್ನ ಪಕ್ಕದ ಸೀಟಿನಲ್ಲಿ ಅಮ್ಮ ಕೂರುತ್ತಾರೆ. ಲೈಟ್ ಮುಚ್ಚಿಸಿ ಅವರನ್ನು ಕೂರಿಸಿಕೊಂಡು ಹೋಗುವುದು ಹೇಗೆ?

ಈ ಅಂಗಡಿಯವರು ಮೊದಲು ಕೇಳಿದ್ದು ಹಾರ್ನ್ ಬಗ್ಗೆ. "ಹಾರ್ನ್ ಸರಿಯಾಗಿ ಹೊಡೀತಾ ಮೇಡಂ? ಸ್ಟಿಯರಿಂಗ್ ತಿರುಗಿಸುವಾಗ ಲೈಟ್ ಬರುತ್ತಾ?" ಸ್ಟಿಯರಿಂಗ್ ಒಳಗೆ ಸುರುಳಿ ಸುತ್ತಿದ ಪಟ್ಟಿಯಂಥ ಕೇಬಲ್ ಇರುತ್ತದೆ, ಸ್ಪೈರಲ್ ಕೇಬಲ್ ಅಂತಾರೆ. ಹಾರ್ನ್‌ಗೂ ಡ್ರೈವರ್ ಏರ್‌ಬ್ಯಾಗ್‌ಗೂ ಕರೆಂಟ್ ಹೋಗುವುದು ಅದರಲ್ಲೇ. ಅದು ತುಂಡಾದರೆ ಎಷ್ಟೋ ಸಲ ಹಾರ್ನ್ ಕೂಡ ಕೈಕೊಡುತ್ತದಂತೆ. ನಮ್ಮ ಹಾರ್ನ್ ಚೆನ್ನಾಗಿಯೇ ಇತ್ತು.

ಆಮೇಲೆ ಸ್ಕ್ಯಾನರ್ ಹಾಕಿದರು. ನನ್ನ ತಮ್ಮ ಆನ್‌ಲೈನ್‌ನಲ್ಲಿ ತರಿಸಿದ ಪುಟ್ಟ ಬ್ಲೂಟೂತ್ ಸ್ಕ್ಯಾನರ್ "ಯಾವ ದೋಷವೂ ಇಲ್ಲ" ಎಂದೇ ತೋರಿಸಿತ್ತು. ಅಂಥವು ಸಾಮಾನ್ಯವಾಗಿ ಎಂಜಿನ್‌ನ ದೋಷ ಹೇಳುವ 'ಪಿ' ಕೋಡ್ ಮಾತ್ರ ಓದುತ್ತವೆ. ಏರ್‌ಬ್ಯಾಗ್‌ನದು 'ಬಿ' ಕೋಡ್, ಅದನ್ನು ಓದಲು ಏರ್‌ಬ್ಯಾಗ್ ಕಂಪ್ಯೂಟರ್ ಜೊತೆ ಮಾತಾಡಬಲ್ಲ ಸ್ಕ್ಯಾನರ್ರೇ ಬೇಕು. ಇವರ ಸ್ಕ್ಯಾನರ್ ತೋರಿಸಿದ್ದು ಡ್ರೈವರ್ ಸೀಟ್ ಬೆಲ್ಟಿನ ಪ್ರಿಟೆನ್ಷನರ್ ಲೈನಿನಲ್ಲಿ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ತಡೆ, ಜಾಸ್ತಿ ಎಂದು. ಡಿಕ್ಕಿಯಾದ ಕ್ಷಣದಲ್ಲಿ ಬೆಲ್ಟನ್ನು ಬಿಗಿಯಾಗಿ ಎಳೆದು ಹಿಡಿಯುವ ಭಾಗ ಅದು. ಅದನ್ನೂ ನೋಡಿಕೊಳ್ಳುವುದು ಅದೇ ಕಂಪ್ಯೂಟರ್, ಹಾಗಾಗಿ ಬೆಲ್ಟಿನಲ್ಲಿ ತೊಂದರೆಯಾದರೂ ಏರ್‌ಬ್ಯಾಗ್ ಲೈಟೇ ಉರಿಯುತ್ತದೆ.

ಇಲ್ಲಿಂದ ಮುಂದೆ ಅವರು ಕೆಲಸ ಮಾಡಿದ ರೀತಿ ನೋಡಿ ನನಗೆ ತುಂಬಾ ಗೌರವ ಬಂತು. ಬ್ಯಾಟರಿಯ ನೆಗೆಟಿವ್ ತೆಗೆದು ಪಕ್ಕಕ್ಕಿಟ್ಟರು. ಕೂಡಲೇ ಕೈ ಹಾಕಲಿಲ್ಲ. ಬ್ಯಾಟರಿ ಬಿಚ್ಚಿದ ಮೇಲೂ ಏರ್‌ಬ್ಯಾಗ್ ಕಂಪ್ಯೂಟರ್ ಒಳಗೆ ಸ್ವಲ್ಪ ಹೊತ್ತು ಚಾರ್ಜ್ ಉಳಿದಿರುತ್ತದೆ, ಅದು ಇಳಿಯಲಿ ಎಂದು ಕಾದರು. ತಮ್ಮ "ಮಲ್ಟಿಮೀಟರ್ ಇಟ್ಟು ನೋಡಿಬಿಡಿ ಅಣ್ಣ" ಎಂದ. "ಪ್ರಿಟೆನ್ಷನರ್‌ಗೆ ನೇರ ಮೀಟರ್ ಇಡಲ್ಲ. ಒಳಗೆ ಸಿಡಿಮದ್ದು ಇರುತ್ತೆ, ಮೀಟರ್‌ನ ಕರೆಂಟಿಗೂ ಹೊತ್ತಿಕೊಳ್ಳಬಹುದು" ಎಂದು ಖಡಾಖಂಡಿತವಾಗಿ ಹೇಳಿದರು.

ಡ್ರೈವರ್ ಬಾಗಿಲ ಹಿಂದಿನ ಪಿಲ್ಲರ್‌ನ ಕೆಳಗಡೆ ಕವರ್ ಬಿಚ್ಚಿದರು. ವೈರು ಜೋಡಿಸುವ ಹಳದಿ ಕಪ್ಲರ್ ಕಾಣಿಸಿತು. ಏರ್‌ಬ್ಯಾಗ್ ಲೈನಿಗೆ ಹಳದಿ ಬಣ್ಣ ಬಳಸುವುದೇ ಎಚ್ಚರಿಕೆಗಾಗಿ. ಕಪ್ಲರ್ ಕಳಚಿ, ವೈರಿನ ಕಡೆಗೆ ಪ್ರಿಟೆನ್ಷನರ್ ಬದಲು 2 ಓಮ್‌ನ ಸಣ್ಣ ರೆಸಿಸ್ಟರ್ ಸಿಕ್ಕಿಸಿದರು. ಬ್ಯಾಟರಿ ಜೋಡಿಸಿ ಮತ್ತೆ ಸ್ಕ್ಯಾನ್ ಮಾಡಿದರು. ಬೆಲ್ಟಿನದೇ ದೋಷವಾಗಿದ್ದರೆ ಈಗ ಆ ಕೋಡ್ ಬರಬಾರದು, ಆದರೆ ಅದೇ ಕೋಡ್ ಬಂತು. "ನೋಡಿ, ಬೆಲ್ಟ್ ಚೆನ್ನಾಗಿದೆ. ತಪ್ಪಿರೋದು ವೈರಿನ ಕಡೆ." ಟಾರ್ಚ್ ಬಿಟ್ಟು ಕಪ್ಲರ್ ಒಳಗೆ ತೋರಿಸಿದರು. ಒಂದು ಪಿನ್ನಿಗೆ ಹಸಿರು ಕಿಲುಬು ಹಿಡಿದು ಪುಡಿಪುಡಿಯಾಗಿತ್ತು. ಕೆಳಗಿನ ಕಾರ್ಪೆಟ್ ಒತ್ತಿದರೆ ನೀರು ಒಸರುತ್ತಿತ್ತು. ಬಾಗಿಲಿನ ರಬ್ಬರ್ ಬೀಡಿಂಗ್ ಒಂದು ಕಡೆ ಹರಿದು ಮಳೆನೀರು ಒಳಗೆ ಬರುತ್ತಿದ್ದದ್ದೇ ಮೂಲ ಕಾರಣ.

ಆ ಪಿನ್ ಬದಲಾಯಿಸಿ, ಬೆಲ್ಟಿನ ಲೈನನ್ನು ಮೊದಲಿನ ಹಾಗೇ ಕೂಡಿಸಿ, ಕೊನೆಗೆ ಕೋಡ್ ಅಳಿಸಿದರು. ಬೀಡಿಂಗನ್ನೂ ಹೊಸದು ಹಾಕಿಸಿದೆ. ಬೀಡಿಂಗ್ ಸೇರಿ 1,900 ರೂಪಾಯಿ ಆಯಿತು. ಬೇರೆ ಕಡೆ ಮಾಡ್ಯೂಲಿಗೆ ಹೇಳಿದ ರೇಟಿನ ಮುಂದೆ ಇದು ಏನೂ ಅಲ್ಲ. ಆಮೇಲೂ ಒಳ್ಳೆ ಮಳೆ ಆಗಿದೆ, ಲೈಟ್ ಬಂದಿಲ್ಲ.

ಇಗ್ನಿಷನ್ ಆನ್ ಮಾಡಿ ಇನ್ನೊಂದು ವಿಷಯವನ್ನೂ ತೋರಿಸಿಕೊಟ್ಟರು. ಲೈಟ್ ಕೆಲವು ಸೆಕೆಂಡ್ ಉರಿದು ಆರಬೇಕು. ಹತ್ತದೇ ಇದ್ದರೆ ಅದೂ ದೋಷವೇ. ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋಗುವವರು ದಯವಿಟ್ಟು ಇದನ್ನು ಗಮನಿಸಿ. ಲೈಟ್ ಕಿತ್ತು ಮಾರುವವರೂ ಇದ್ದಾರೆ.

ಪಕ್ಕದ ಸೀಟಿನಲ್ಲಿ ಬ್ಯಾಗ್ ಇಟ್ಟರೆ ಬೀಪ್ ಹೊಡೆಯುತ್ತೆ ಎಂದೂ ಕೇಳಿದೆ. ಅದು ದೋಷವಲ್ಲ, ಸೀಟಿನ ಕೆಳಗಿನ ಸೆನ್ಸರ್ ಭಾರ ಗುರುತಿಸಿ, ಯಾರೋ ಕೂತಿದ್ದಾರೆಂದು ಬೆಲ್ಟ್ ಹಾಕಲು ನೆನಪಿಸುವುದು. ಬೆಲ್ಟ್ ಹಾಕದೆಯೇ ಬೀಪ್ ನಿಲ್ಲಿಸುವ ಕ್ಲಿಪ್ ಇವರ ಅಂಗಡಿಯಲ್ಲಿ ಸಿಗುವುದಿಲ್ಲ, ಸಿಗಲೂಬಾರದು. ಅಂಥ ಕ್ಲಿಪ್ ಮಾರಬೇಡಿ ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರಲ್ಲೇ ಆನ್‌ಲೈನ್ ಮಾರಾಟದವರಿಗೆ ಆದೇಶ ಕೊಟ್ಟಿದೆ. ಒಮ್ಮೆ ತೆರೆದುಕೊಂಡ ಏರ್‌ಬ್ಯಾಗ್‌ನ ಕೆಲಸವನ್ನೂ ಇವರು ಮುಟ್ಟುವುದಿಲ್ಲ, ನೇರವಾಗಿ ಕಂಪನಿ ಸರ್ವಿಸ್‌ಗೆ ಕಳಿಸುತ್ತಾರೆ.

ಕೊರತೆಗಳೂ ಇವೆ. ಕೂರಲು ಒಂದೇ ಸ್ಟೂಲು, ಮಳೆ ಬಂದರೆ ನಿಲ್ಲಲೂ ಜಾಗವಿಲ್ಲ. ಕೆಲಸದ ನಡುವೆ ಫೋನ್ ಎತ್ತುವುದಿಲ್ಲ. ಬಿಲ್ ಕೇಳಿದರೆ ಮಾತ್ರ ಬರೆದು ಕೊಡುತ್ತಾರೆ, ಕೇಳಿ ಪಡೆಯಿರಿ. ಬೆಳಿಗ್ಗೆ ಅಂಗಡಿ ತೆಗೆಯುವ ಹೊತ್ತಿಗೇ ಗಾಡಿ ಬಿಟ್ಟರೆ ಸಂಜೆಯೊಳಗೆ ಕೈಗೆ ಸಿಗುತ್ತದೆ. ಭಾನುವಾರ ರಜೆ.