ಕ್ಯಾಸೆಟ್ ಡೆಕ್ಕೋ, ಟೇಪ್ ಪ್ಲಗಿನ್ನೋ?

ಬೋರ್ಡ್ಸ್ ಆಫ್ ಕೆನಡಾದ ಎಲೆಕ್ಟ್ರಾನಿಕ್ ಸಂಗೀತ ಕೇಳಿದವರಿಗೆ ಆ ಅಲುಗಾಟ ಗೊತ್ತು. ಸಿಂಥಸೈಸರ್‌ನ ಉದ್ದನೆಯ ಸ್ವರ ಒಂದೇ ಶ್ರುತಿಯಲ್ಲಿ ನಿಲ್ಲದೆ ಕೂದಲೆಳೆಯಷ್ಟು ಇಳಿದು ಮತ್ತೆ ಏರುತ್ತದೆ. ಸ್ಕಾಟ್ಲೆಂಡಿನ ಈ ಅಣ್ಣತಮ್ಮಂದಿರು ತಮ್ಮ ಜೋಡಿಗೆ ಹೆಸರು ಎತ್ತಿಕೊಂಡಿದ್ದೇ ನ್ಯಾಷನಲ್ ಫಿಲ್ಮ್ ಬೋರ್ಡ್ ಆಫ್ ಕೆನಡಾದಿಂದ. ಅದರ ಹಳೇ ಸಾಕ್ಷ್ಯಚಿತ್ರಗಳ ಸವೆದ ಹಿನ್ನೆಲೆ ಸಂಗೀತವೇ ಆ ಧ್ವನಿಯ ಬೇರು. ಅದನ್ನು ಮನೆಯಲ್ಲಿ ತರಲು ಸೆಕೆಂಡ್ ಹ್ಯಾಂಡ್ ಕ್ಯಾಸೆಟ್ ಡೆಕ್ಕನ್ನೂ ಟೇಪಿನ ಸದ್ದನ್ನು ಅನುಕರಿಸುವ ಕಂಪ್ಯೂಟರ್ ಪ್ಲಗಿನ್ನನ್ನೂ ಒಂದೇ ನಾಲ್ಕು ಬಾರ್‌ ಪ್ಯಾಡ್ ಮೇಲೆ ಓಡಿಸಿ ನೋಡಿದೆ. ಬಾರ್ ಅಂದರೆ ನಾಲ್ಕು ಬೀಟಿನ ಒಂದು ಆವರ್ತ, ಪ್ಯಾಡ್ ಅಂದರೆ ಹಿನ್ನೆಲೆಯ ಉದ್ದ ಸ್ವರ. ನನ್ನ ಓಟು ಡೆಕ್ಕಿಗೆ.

ಆರ್‌ಸಿ-20 ಎಂಬ ಪ್ಲಗಿನ್ನಿನಲ್ಲಿ ಅಲುಗಾಟ ತರುವ ವಾಬಲ್ ಏರಿಸಿದ ಕೂಡಲೇ ಹಳೇ ಕಾಲದ ಬಣ್ಣ ಬರುತ್ತದೆ, ನಿಜ. ಆದರೆ ಲೂಪ್ ಮೂರನೇ ಸುತ್ತಿಗೆ ಬರುವಷ್ಟರಲ್ಲಿ ತೂಗಾಟದ ಲೆಕ್ಕ ನನ್ನ ಕಿವಿಗೆ ಸಿಕ್ಕಿಬಿಟ್ಟಿತು. ಇನ್ನೊಂದು ಪ್ಲಗಿನ್ನಾದ ಚೌ ಟೇಪ್ ಮಾಡೆಲ್‌ನಲ್ಲಿ ತೂಗಾಟವನ್ನು ಏರುಪೇರು ಮಾಡುವ ವೇರಿಯನ್ಸ್, ಡ್ರಿಫ್ಟ್ ಎರಡನ್ನೂ ಏರಿಸಿದರೆ ವಾಸಿ. ಡೆಕ್ಕಿನಲ್ಲಿ ಬೆಲ್ಟು, ಟೇಪನ್ನು ಒತ್ತಿ ಎಳೆಯುವ ಪಿಂಚ್ ರೋಲರ್, ರೀಲು ಎಲ್ಲವೂ ತಂತಮ್ಮ ವೇಗದಲ್ಲಿ ತಪ್ಪುತ್ತವೆ. ಅದರ ಜೊತೆಗೇ ಮೇಲಿನ ಸ್ವರಾಂಶ ಮಬ್ಬಾಗುತ್ತದೆ, ಜೋರಿನ ಜಾಗ ಮೆತ್ತಗಾಗುತ್ತದೆ. ಆ ಮೆತ್ತನೆ ಬೇಕೆಂದರೆ ಟೈಪ್ 1 (ಸಾಮಾನ್ಯ ಬಗೆಯ) ಕ್ಯಾಸೆಟ್ಟಿಗೆ ಡೆಕ್ಕಿನ ಮೀಟರು +3 ಡಿಬಿ ಮುಟ್ಟುವ ಹಾಗೆ ಕಳಿಸಿ.

ಡೆಕ್ಕಿನ ದೊಡ್ಡ ತಲೆನೋವು ಸಮಯ. ಅದೇ ಡೆಕ್ಕಿನಲ್ಲಿ ರೆಕಾರ್ಡ್ ಮಾಡಿ ಅದರಲ್ಲೇ ಓಡಿಸಿದರೆ ವೇಗದ ಸ್ಥಿರ ತಪ್ಪು ತಾನಾಗಿ ಕಳೆದುಹೋಗುತ್ತದೆ. ಆದರೆ ಮೋಟಾರು ತಣ್ಣಗಿದ್ದಾಗ ರೆಕಾರ್ಡ್ ಮಾಡಿ ಬಿಸಿಯಾದ ಮೇಲೆ ಓಡಿಸಿದರೆ, ಬೆಲ್ಟು ಸಡಿಲವಾಗಿದ್ದರೆ, ಶೇ. 0.5 ರಷ್ಟು ವ್ಯತ್ಯಾಸ ಸುಲಭವಾಗಿ ಉಳಿಯುತ್ತದೆ. 80 ಬಿಪಿಎಂನಲ್ಲಿ (ನಿಮಿಷಕ್ಕೆ 80 ಬೀಟು) ನಾಲ್ಕು ಬಾರ್ ಅಂದರೆ 12 ಸೆಕೆಂಡು, ತಪ್ಪು 0.06 ಸೆಕೆಂಡು. ಪ್ಯಾಡಿನಲ್ಲಿ ತಿಳಿಯದು, ಡ್ರಮ್ಮಿನಲ್ಲಿ ಕೊನೆಕೊನೆಯ ಪೆಟ್ಟುಗಳು ಉಳಿದ ಟ್ರ್ಯಾಕಿನ ಜೊತೆ ಕೂಡದೆ ಎರಡೆರಡಾಗಿ ಕೇಳಿಸುತ್ತವೆ. ನಾಲ್ಕು ನಿಮಿಷದ ಹಾಡಿಗೆ ಅದೇ ತಪ್ಪು 1.2 ಸೆಕೆಂಡಾಗುತ್ತದೆ, ಅಂದರೆ ಒಂದೂವರೆ ಬೀಟಿಗಿಂತ ಹೆಚ್ಚು.

ಹಾಗಾಗಿ ಡ್ರಮ್ಮನ್ನು ಟೇಪಿಗೆ ಕಳಿಸಲೇಬೇಡಿ. ಡೆಕ್ಕನ್ನು ಹದಿನೈದು ನಿಮಿಷ ಸುಮ್ಮನೆ ಓಡಿಸಿ. ನಾಲ್ಕೋ ಎಂಟೋ ಬಾರ್‌ನ ತುಣುಕಿನ ಮೊದಲಲ್ಲೊಂದು, ಕೊನೆಯಲ್ಲೊಂದು ಚೂಪು ಕ್ಲಿಕ್ ಹಾಕಿ ರೆಕಾರ್ಡ್ ಮಾಡಿ. ಕಂಪ್ಯೂಟರಿಗೆ ವಾಪಸ್ ತಂದು ಮೊದಲ ಕ್ಲಿಕ್ ಕೂಡಿಸಿ, ಕೊನೆಯದನ್ನು ಅದರ ಜಾಗಕ್ಕೆ ಎಳೆಯಿರಿ. ಸಂಗೀತದ ಸಾಫ್ಟ್‌ವೇರ್ ಏಬಲ್ಟನ್‌ನಲ್ಲಾದರೆ ರೀ-ಪಿಚ್ ಮೋಡ್, ರೀಪರ್‌ನಲ್ಲಾದರೆ ಪಿಚ್ ಉಳಿಸುವ ಆಯ್ಕೆ ತೆಗೆದು. ಆಗ ಉದ್ದದ ಜೊತೆ ಶ್ರುತಿಯೂ ಸರಿಹೋಗುತ್ತದೆ, ತೂಗಾಟ ಮಾತ್ರ ಹಾಗೇ ಉಳಿಯುತ್ತದೆ. ಪಿಚ್ ಹಿಡಿದಿಟ್ಟು ಎಳೆದರೆ ಸ್ವರದ ಮೇಲೆ ಪುಡಿಪುಡಿ ಸದ್ದು ಕೂರುತ್ತದೆ, ಪಟ್ಟ ಶ್ರಮವೆಲ್ಲ ನೀರುಪಾಲು.

ಹಿಸ್ (ಟೇಪಿನ ಸುಯ್ ಸದ್ದು): ಎರಡರಲ್ಲೂ ಸಿಗುತ್ತದೆ, ಡೆಕ್ಕಿನದನ್ನು ಆಮೇಲೆ ತೆಗೆಯುವುದು ಕಷ್ಟ. ಹಿಸ್ ತಗ್ಗಿಸುವ ಡಾಲ್ಬಿ ಗುಂಡಿ ಹಾಕದೆ ರೆಕಾರ್ಡ್ ಮಾಡಿ, ಹಾಕಿ ಓಡಿಸಿದರೆ ಸದ್ದು ಇನ್ನೂ ಮಬ್ಬು. ನನಗದು ಇಷ್ಟ.

ನಾನು ಕಟ್ಟುವುದು ಎಂಟು ಬಾರ್‌ನ ಲೂಪುಗಳನ್ನು, ಆದ್ದರಿಂದ ಈ ಗೇಯ್ಮೆ ತಾಳಿಕೊಳ್ಳುತ್ತೇನೆ. ಕಂಠವಿರುವ ಪೂರ್ತಿ ಹಾಡು ಮಾಡುವವರು, ರಾತ್ರಿ ಒಂದು ಗಂಟೆಯಷ್ಟೇ ಬಿಡುವಿರುವವರು ಚೌ ಟೇಪ್ ಇಟ್ಟುಕೊಳ್ಳಲಿ, ದುಡ್ಡೂ ಬೇಡ.

ಡೆಕ್ ಕೊಳ್ಳುವವರು ಲೈನ್ ಇನ್ (ಕಂಪ್ಯೂಟರಿನಂಥ ಕಡೆಯಿಂದ ಸದ್ದು ತರುವ ಜ್ಯಾಕ್) ಇರುವುದನ್ನೇ ನೋಡಿ. ಮೈಕ್ ಜ್ಯಾಕ್ ಮಾತ್ರ ಇರುವ ಸಣ್ಣ ರೆಕಾರ್ಡರುಗಳು ಸಾಮಾನ್ಯವಾಗಿ ಮಟ್ಟವನ್ನು ತಾವೇ ಏರಿಸಿ ಇಳಿಸಿ ಪ್ಯಾಡನ್ನು ಕೆಡಿಸುತ್ತವೆ. ಅಂಗಡಿಯಲ್ಲೇ ಪಿಯಾನೋದ ಉದ್ದ ಸ್ವರವಿರುವ ಕ್ಯಾಸೆಟ್ ಹಾಕಿಸಿ ಕೇಳಿ. ನಿಧಾನದ ತೂಗಾಟವಾದರೆ ಒಳ್ಳೆಯದೇ. ಮೇಕೆ ಕೂಗಿದ ಹಾಗೆ ನಡುಗಿದರೆ ಪಿಂಚ್ ರೋಲರಿನ ರಬ್ಬರು ಗಟ್ಟಿಯಾಗಿರುವ ಸಾಧ್ಯತೆ ಹೆಚ್ಚು. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿದ ಮೇಲೂ ನಡುಕ ನಿಲ್ಲದಿದ್ದರೆ ಬಿಟ್ಟುಬಿಡಿ.